ಸಾಲ ಕೊಡುವ ಕೈ ನಿಮ್ಮದಾದಾಗ



ಸಾಲ ತೆಗೆದುಕೊಳ್ಳುವುದು ಹೇಗೆಂದು ನಮ್ಮ ಭಾಗದ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ. ಸಹಕಾರ ಸಂಘದ ಬೆಳೆಸಾಲ, ಬ್ಯಾಂಕಿನ ಒಡವೆ ಸಾಲ, ದಲಾಲಿ ಅಂಗಡಿಯ ಮುಂಗಡ, ಊರ ಸಾಹುಕಾರರ ಕೈಸಾಲ, ಇವೆಲ್ಲದರ ಬಡ್ಡಿ, ಗಡುವು, ಜಾಮೀನು ಅವನಿಗೆ ಬಾಯಿಪಾಠ. ಆದರೆ ಒಂದು ಒಳ್ಳೆಯ ವರ್ಷ ಅದೇ ರೈತನ ಕೈಯಲ್ಲಿ ನಾಲ್ಕು ಕಾಸು ಉಳಿದು, ಅದನ್ನು ಬೇರೆಯವರ ಕೈಗೆ ಕೊಡುವ ಪ್ರಸಂಗ ಬಂದಾಗ, ಕೇಳಬೇಕಾದ ಪ್ರಶ್ನೆಗಳನ್ನು ಅವನು ಕೇಳುವುದಿಲ್ಲ. ಬ್ಯಾಂಕಿನಲ್ಲಿ ಠೇವಣಿ ಇಟ್ಟಾಗ, ಅಂಚೆ ಕಚೇರಿಯಲ್ಲಿ ಪತ್ರ ಕೊಂಡಾಗ, ಕಂಪನಿಯೊಂದರ ಬಾಂಡು ತೆಗೆದುಕೊಂಡಾಗ ತಾನು ಸಾಲ ಕೊಡುತ್ತಿದ್ದೇನೆ ಎಂಬ ಅರಿವೇ ಬಹುಮಂದಿಗೆ ಇರುವುದಿಲ್ಲ.

ಬಾಂಡು ಎಂದರೆ ಸಾಲಪತ್ರ, ಅಷ್ಟೆ. ಅದರಲ್ಲಿ ಸಾಲ ಪಡೆಯುವವರು ಸರ್ಕಾರ ಅಥವಾ ಕಂಪನಿ. ಸಾಲ ಕೊಡುವ ಸಾಹುಕಾರರು ನೀವು. ಆದ್ದರಿಂದ ಸಾಹುಕಾರ ನಿಮ್ಮನ್ನು ಕೇಳುವ ಪ್ರಶ್ನೆಗಳನ್ನೇ ನೀವು ಅವರನ್ನು ಕೇಳಬೇಕು. ಸಾಲ ಪಡೆಯುವವರು ಯಾರು? ಬಡ್ಡಿ ಎಷ್ಟು? ಎಷ್ಟು ದಿನಕ್ಕೆ? ನಡುವೆ ಬೇಕಾದರೆ ಹಣ ಕೈಗೆ ಬರುತ್ತದೆಯೆ? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಗದೆ ಒಂದು ರೂಪಾಯಿಯನ್ನೂ ಕೊಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಬಿತ್ತನೆ, ಗೊಬ್ಬರ, ಕೀಟಗಳ ವಿಚಾರ ಹೇಳಬೇಕಾದ ಕೃಷಿ ಪದವೀಧರನಿಗೆ ಹಣದ ಮಾತೇಕೆ ಎಂದು ನೀವು ಕೇಳಬಹುದು. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು, ಆಮೇಲೆ ಬಳ್ಳಾರಿಗೆ ಮರಳಿತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯ ಭಾಗವಾಯಿತು. ಜಿಲ್ಲೆ ಬದಲಾಯಿತೇ ಹೊರತು ಮಳೆ ಬದಲಾಗಲಿಲ್ಲ. ಇಲ್ಲಿಯೂ, ಕೂಡ್ಲಿಗಿ, ಕೊಟ್ಟೂರು ಕಡೆಯೂ ಮಳೆಯನ್ನೇ ನಂಬಿದ ಹೊಲಗಳೇ ಹೆಚ್ಚು. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಯಿತು. ಇಂಥ ಸೀಮೆಯಲ್ಲಿ ಬೆಳೆ ಬಂದ ವರ್ಷದ ಹಣವೇ ಬಾರದ ವರ್ಷದ ಗಂಜಿ. ಎಕರೆಗೆ ನಾಲ್ಕು ಚೀಲ ಹೆಚ್ಚು ಮೆಕ್ಕೆಜೋಳ ಬೆಳೆಯುವುದನ್ನು ಹೇಳಿಕೊಟ್ಟು, ಆ ನಾಲ್ಕು ಚೀಲದ ಹಣ ಎಲ್ಲಿ ಕರಗಿತೆಂದು ಕೇಳದಿದ್ದರೆ ನಮ್ಮ ಕೆಲಸ ಅರ್ಧವಾದಂತೆ.

ಗುತ್ತಿಗೆಯೋ, ಪಾಲೋ?

ಹಣ ಹೂಡುವ ದಾರಿಗಳು ನೂರಿದ್ದರೂ ಮೂಲದಲ್ಲಿ ಎರಡೇ. ಅವೆರಡೂ ನಿಮಗೆ ಹೊಲದಲ್ಲೇ ಗೊತ್ತಿರುವಂಥವು. ಹೊಲವನ್ನು ಪಾಲಿಗೆ ಕೊಟ್ಟರೆ ಬೆಳೆದದ್ದರಲ್ಲಿ ನಿಮಗೆ ಭಾಗ. ಬೆಳೆ ಚೆನ್ನಾದರೆ ಹೆಚ್ಚು, ಒಣಗಿದರೆ ಏನೂ ಇಲ್ಲ. ಗುತ್ತಿಗೆಗೆ ಕೊಟ್ಟರೆ ಮಳೆ ಬರಲಿ ಬಿಡಲಿ, ಮಾತಾಡಿದಷ್ಟು ಹಣ ಬರಬೇಕು. ಅವನು ಎಷ್ಟೇ ಬೆಳೆದರೂ ನಿಮಗೆ ಅದಕ್ಕಿಂತ ಒಂದು ಕಾಳೂ ಹೆಚ್ಚಿಲ್ಲ.

ಕಂಪನಿಯ ಷೇರು ಕೊಳ್ಳುವುದು ಪಾಲಿಗೆ ಕೊಟ್ಟಂತೆ. ಬಾಂಡು, ಠೇವಣಿ, ಉಳಿತಾಯ ಪತ್ರಗಳು ಗುತ್ತಿಗೆಗೆ ಕೊಟ್ಟಂತೆ. ಕಂಪನಿ ನಷ್ಟಕ್ಕೆ ಬಿದ್ದರೆ ಮೊದಲು ಸಾಲಗಾರರ ಬಾಕಿ ತೀರಬೇಕು, ಏನಾದರೂ ಮಿಕ್ಕರೆ ಷೇರುದಾರರಿಗೆ. ಇದೇ ಸಾಲಪತ್ರದ ಬಲ. ಆದರೆ ಗುತ್ತಿಗೆದಾರ ರಾತ್ರೋರಾತ್ರಿ ಊರು ಬಿಟ್ಟರೆ ಗುತ್ತಿಗೆ ಪತ್ರ ಕೈಯಲ್ಲಿದ್ದೂ ಪ್ರಯೋಜನವಿಲ್ಲ. ಇದು ಅದರ ದೌರ್ಬಲ್ಯ. ಹೀಗಾಗಿ ಪತ್ರಕ್ಕಿಂತ ಪತ್ರಕ್ಕೆ ಸಹಿ ಹಾಕಿದವರು ಯಾರೆಂಬುದೇ ಮುಖ್ಯ.

ಆದಾಯ ನಿಶ್ಚಿತವಿಲ್ಲದ ಕಸುಬು ನಮ್ಮದು. ಹೊಲದಲ್ಲಿ ಈಗಾಗಲೇ ಮಳೆಯೊಡನೆ, ಮಾರುಕಟ್ಟೆಯೊಡನೆ ಜೂಜಾಡುತ್ತಿದ್ದೇವೆ. ಉಳಿಸಿದ ಹಣವನ್ನೂ ಜೂಜಿಗೆ ಇಡಬೇಕೆ? ರೈತನ ಉಳಿತಾಯದ ಮೊದಲ ಭಾಗ ನಿಶ್ಚಿತ ಬಡ್ಡಿಯ ಕಡೆಗೇ ಹೋಗಬೇಕೆಂದು ನಾನು ಹೇಳುವುದು ಈ ಕಾರಣಕ್ಕೆ.

ಮೊದಲು ಕೈಸಾಲ ತೀರಲಿ

ಹಳ್ಳಿಯಲ್ಲಿ ಬಡ್ಡಿಯನ್ನು ತಿಂಗಳಿಗೆ ನೂರಕ್ಕೆ ಇಷ್ಟು ಎಂದು ಹೇಳುತ್ತಾರೆ. ಬ್ಯಾಂಕು, ಅಂಚೆ ಕಚೇರಿಗಳಲ್ಲಿ ವರ್ಷಕ್ಕೆ ಶೇಕಡಾ ಇಷ್ಟು ಎನ್ನುತ್ತಾರೆ. ಎರಡನ್ನೂ ಒಂದೇ ಅಳತೆಗೆ ತರದಿದ್ದರೆ ಲೆಕ್ಕ ತಪ್ಪುತ್ತದೆ. ನೂರಕ್ಕೆ ಎರಡು ರೂಪಾಯಿ ಎಂದರೆ ವರ್ಷಕ್ಕೆ ಶೇ. 24. ವರ್ಷಕ್ಕೆ ಶೇ. 7.5 ಎಂದರೆ ತಿಂಗಳಿಗೆ ನೂರಕ್ಕೆ ಸುಮಾರು 62 ಪೈಸೆ.

ಈಗ ನೋಡಿ. ನೂರಕ್ಕೆ ಎರಡರಂತೆ ರೂ. 50,000 ಕೈಸಾಲ ಇಟ್ಟುಕೊಂಡು, ಮೆಕ್ಕೆಜೋಳ ಮಾರಿದ ರೂ. 50,000ವನ್ನು ಶೇ. 7.7ರ ಪತ್ರದಲ್ಲಿ ಇಟ್ಟರೆ ವರ್ಷಕ್ಕೆ ಬರುವುದು ರೂ. 3,850, ಹೋಗುವುದು ರೂ. 12,000. ವರ್ಷಕ್ಕೆ ರೂ. 8,150 ಕೈಬಿಟ್ಟಂತೆ. ಆದ್ದರಿಂದ ಸಾಹುಕಾರನ ಸಾಲ ತೀರಿಸುವುದೇ ಎಲ್ಲಕ್ಕಿಂತ ಒಳ್ಳೆಯ ಬಾಂಡು. ಶೇ. 24ರ ಲಾಭವನ್ನು ಖಾತರಿಯಾಗಿ ಕೊಡುವ ಬೇರೆ ಪತ್ರ ಈ ದೇಶದಲ್ಲಿ ಯಾವುದೂ ಇಲ್ಲ.

ಸಹಕಾರ ಸಂಘದ ಬೆಳೆಸಾಲದ ಮಾತು ಬೇರೆ. ಗಡುವಿಗೆ ತೀರಿಸುವವರಿಗೆ ಶೂನ್ಯ ಬಡ್ಡಿಯಲ್ಲಿ ಕೊಡುವ ಅಲ್ಪಾವಧಿ ಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023-24ರ ಆಯವ್ಯಯದಲ್ಲಿ ರೂ. 3 ಲಕ್ಷದಿಂದ ರೂ. 5 ಲಕ್ಷಕ್ಕೆ ಏರಿಸಿತು. ಇಂಥ ಸಾಲವನ್ನು ಗಡುವಿಗೆ ಮುಂಚೆ ತೀರಿಸುವ ಅವಸರವಿಲ್ಲ. ಆದರೆ ತೀರಿಸುವ ಹಣವನ್ನು ಗಡುವಿನ ದಿನ ಕೈಗೆ ಬರುವ ಜಾಗದಲ್ಲಿಯೇ ಇಡಬೇಕು. ಒಂದು ದಿನ ತಪ್ಪಿದರೂ ಬಡ್ಡಿ ರಿಯಾಯಿತಿ ಕೈತಪ್ಪುವ ಭಯವಿದೆ.

ಯಾರಿಗೆ ಕೊಡುತ್ತಿದ್ದೀರಿ?

ಸಾಲ ಪಡೆಯುವವರಲ್ಲಿ ಮೊದಲ ಸ್ಥಾನ ಸರ್ಕಾರದ್ದು. ರಾಷ್ಟ್ರೀಯ ಉಳಿತಾಯ ಪತ್ರ, ಕಿಸಾನ್ ವಿಕಾಸ ಪತ್ರ, ಅಂಚೆ ಕಚೇರಿಯ ಠೇವಣಿ, ಇವೆಲ್ಲ ಕೇಂದ್ರ ಸರ್ಕಾರಕ್ಕೆ ಕೊಟ್ಟ ಸಾಲ. ಕರ್ನಾಟಕ ಸರ್ಕಾರವೂ ಸಾಲಪತ್ರಗಳನ್ನು ಹೊರಡಿಸುತ್ತದೆ. ಸರ್ಕಾರದ ನಿಗಮಗಳೂ ಉಂಟು. ಕೃಷ್ಣಾ ಮೇಲ್ದಂಡೆ ಯೋಜನೆಗೆಂದು 1994ರಲ್ಲಿ ಸ್ಥಾಪನೆಯಾದ ಕೃಷ್ಣಾ ಭಾಗ್ಯ ಜಲ ನಿಗಮವು ಸರ್ಕಾರದ ಖಾತರಿಯ ಮೇಲೆ ಬಾಂಡು ಮಾರಿ ಹಣ ಎತ್ತಿತು. ಆಲಮಟ್ಟಿಯ ನೀರಿನ ಹಿಂದೆ ಹೀಗೆ ಸಾಲ ಕೊಟ್ಟವರ ಹಣವೂ ಇದೆ.

ಎರಡನೆಯದು ಬ್ಯಾಂಕು. ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ ರೂ. 5 ಲಕ್ಷದವರೆಗೆ ಠೇವಣಿ ವಿಮೆಯಿದೆ. 2020ರ ಫೆಬ್ರುವರಿಗೆ ಮುಂಚೆ ಇದು ಕೇವಲ ರೂ. 1 ಲಕ್ಷವಿತ್ತು. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಖಾತೆಯಿಂದ ರೂ. 35,000ಕ್ಕಿಂತ ಹೆಚ್ಚು ತೆಗೆಯಬಾರದೆಂದಾಗ ನಿವೃತ್ತರು, ವೃದ್ಧರು ಪಟ್ಟ ಪಾಡು ಪತ್ರಿಕೆಗಳಲ್ಲಿ ಬಂದಿತ್ತು. ವಿಮೆಯ ಮಿತಿ ಮೀರಿ ಒಂದೇ ಕಡೆ ಇಡಬಾರದೆಂಬುದು ಅದರ ಪಾಠ. ಇನ್ನೊಂದು ಮಾತು. ಈ ವಿಮೆ ಗ್ರಾಮೀಣ ಬ್ಯಾಂಕು, ಸಹಕಾರ ಬ್ಯಾಂಕುಗಳಿಗೂ ಇದೆ. ಆದರೆ ಪತ್ತಿನ ಸಹಕಾರ ಸಂಘಗಳಿಗೆ, ಸೌಹಾರ್ದ ಸಹಕಾರಿಗಳಿಗೆ ಇಲ್ಲ. ಬೋರ್ಡಿನ ಮೇಲೆ 'ಸಹಕಾರಿ' ಎಂದಿದ್ದ ಮಾತ್ರಕ್ಕೆ ಅದು ಬ್ಯಾಂಕಲ್ಲ.

ಮೂರನೆಯದು ಕಂಪನಿಗಳು. ಇವುಗಳ ಬಾಂಡಿಗೆ ಸಾಲ ತೀರಿಸುವ ಶಕ್ತಿಯನ್ನು ಅಳೆದು ದರ್ಜೆ ಕೊಡುವ ಸಂಸ್ಥೆಗಳಿವೆ. ದರ್ಜೆ ನೋಡುವುದು ಸರಿ, ಆದರೆ ಅದನ್ನೇ ನಂಬಿ ಕೂರಬಾರದು. ಐಎಲ್ ಅಂಡ್ ಎಫ್ಎಸ್ ಎಂಬ ದೊಡ್ಡ ಹಣಕಾಸು ಸಂಸ್ಥೆ ಅತ್ಯುನ್ನತ ದರ್ಜೆ ಪಡೆದಿದ್ದೂ 2018ರಲ್ಲಿ ಸಾಲ ತೀರಿಸಲಾರದೆ ಕುಸಿಯಿತು. ಕಾಗದ ಓದಿ ಪರಿಶೀಲಿಸುವ ವ್ಯವಧಾನವಿಲ್ಲದವರು ಕಂಪನಿ ಬಾಂಡಿನ ಗೊಡವೆಗೆ ಹೋಗದಿರುವುದೇ ಮೇಲು.

ನಾಲ್ಕನೆಯದು, ಬಾಂಡು ಎಂಬ ಹೆಸರು ಹೊತ್ತು ಮನೆ ಬಾಗಿಲಿಗೆ ಬರುವ ಮೋಸ. ಸಹಾರಾ ಗುಂಪಿನ ಎರಡು ಕಂಪನಿಗಳು ಡಿಬೆಂಚರು ಎಂಬ ಸಾಲಪತ್ರ ಮಾರಿ ಕೋಟ್ಯಂತರ ಜನರಿಂದ ಎತ್ತಿದ ರೂ. 24,000 ಕೋಟಿಗೂ ಹೆಚ್ಚು ಹಣವನ್ನು ಶೇ. 15ರ ಬಡ್ಡಿ ಸಮೇತ ಹಿಂತಿರುಗಿಸಬೇಕೆಂದು ಸುಪ್ರೀಂ ಕೋರ್ಟು 2012ರ ಆಗಸ್ಟ್ 31ರಂದು ಆಜ್ಞೆ ಮಾಡಿತು. ಕೃಷಿ ಜಮೀನಿನ ಹೆಸರಿನಲ್ಲಿ ಪಿಎಸಿಎಲ್ ಕಂಪನಿ ಎತ್ತಿದ ಸುಮಾರು ರೂ. 49,100 ಕೋಟಿಯನ್ನು ಮರಳಿಸುವಂತೆ 2014ರಲ್ಲಿ ಸೆಬಿ ಆದೇಶಿಸಿತು. ನೆರೆಯ ಆಂಧ್ರದ ಅಗ್ರಿ ಗೋಲ್ಡ್ ಕರ್ನಾಟಕದ ಹಳ್ಳಿಗಳಿಂದಲೂ ಠೇವಣಿ ಎತ್ತಿ ಕುಸಿಯಿತು. ಇವೆಲ್ಲವುಗಳ ಏಜೆಂಟರು ಪರಸ್ಥಳದವರಲ್ಲ. ನಮ್ಮ ನಿಮ್ಮ ನಡುವಿನ ಪರಿಚಿತರೇ ಆಗಿರುತ್ತಿದ್ದರು. ಅದೇ ಅಪಾಯ. ಪರಿಚಯಸ್ಥನ ಮುಖ ನೋಡಿ ಕೊಟ್ಟ ಹಣ ಪರಿಚಯವಿಲ್ಲದ ಕಂಪನಿಗೆ ಹೋಗುತ್ತದೆ.

ಇದಕ್ಕೊಂದು ಸುಲಭ ಒರೆಗಲ್ಲು ಇದೆ. ಸರ್ಕಾರ ನೂರಕ್ಕೆ 62 ಪೈಸೆ ಕೊಡುವಾಗ ಮತ್ತೊಬ್ಬ ಮೂರು ರೂಪಾಯಿ ಕೊಡುತ್ತೇನೆಂದರೆ, ಅಗ್ಗದ ಸಾಲ ಅವನಿಗೆ ಯಾರೂ ಕೊಡುತ್ತಿಲ್ಲವೆಂದೇ ಅರ್ಥ. ಬ್ಯಾಂಕು ಅವನನ್ನು ನಂಬಲಿಲ್ಲ, ನೀವೇಕೆ ನಂಬಬೇಕು? ಹೆಚ್ಚು ಬಡ್ಡಿ ಔದಾರ್ಯವಲ್ಲ, ಎಚ್ಚರಿಕೆಯ ಗಂಟೆ. ಅನುಮತಿಯಿಲ್ಲದೆ ಠೇವಣಿ ಎತ್ತುವುದು 2019ರ ಕೇಂದ್ರ ಕಾಯಿದೆಯ ಪ್ರಕಾರ ಅಪರಾಧ. ಕರ್ನಾಟಕದಲ್ಲಿ ಠೇವಣಿದಾರರ ಹಿತರಕ್ಷಣೆಗೆ 2004ರ ಕಾಯಿದೆಯೂ ಇದೆ. ಸಂಶಯ ಬಂದರೆ ಹಣ ಕೊಡುವ ಮೊದಲೇ ಬ್ಯಾಂಕಿನ ಮ್ಯಾನೇಜರನ್ನು ಕೇಳಿ. ಕೊಟ್ಟ ಮೇಲೆ ಪೊಲೀಸ್ ಠಾಣೆಯೇ ಗತಿ.

ಎಷ್ಟು ದಿನಕ್ಕೆ?

ಹಣಕ್ಕೂ ಬೆಳೆಯಂತೆ ಅವಧಿಯಿದೆ. ಜೂನ್ ತಿಂಗಳ ಬೀಜ ಗೊಬ್ಬರಕ್ಕೆ ಬೇಕಾದ ಹಣವನ್ನು ಐದು ವರ್ಷದ ಪತ್ರದಲ್ಲಿ ಕಟ್ಟಿಹಾಕಿ, ಬಿತ್ತನೆಗೆ ಕೈಸಾಲ ಮಾಡುವವರಿದ್ದಾರೆ. ಐದು ವರ್ಷ ಬೇಕಾಗದ ಹಣವನ್ನು ಉಳಿತಾಯ ಖಾತೆಯಲ್ಲಿ ಕೊಳೆಹಾಕುವವರೂ ಇದ್ದಾರೆ. ಎರಡೂ ತಪ್ಪು.

ನವೆಂಬರ್ ತಿಂಗಳಲ್ಲಿ ಮೆಕ್ಕೆಜೋಳ ಮಾರಿ, ಸಾಲವೆಲ್ಲ ತೀರಿ ರೂ. 1 ಲಕ್ಷ ಉಳಿಯಿತೆನ್ನೋಣ. ಅದನ್ನು ಮೂರು ಗಂಟು ಮಾಡಿ.

ಮೊದಲ ಗಂಟು ರೂ. 40,000, ಮುಂದಿನ ಮುಂಗಾರಿನ ಖರ್ಚಿಗೆ. ಇದು ಬ್ಯಾಂಕಿನ ಆರು ತಿಂಗಳ ಠೇವಣಿಗೆ ಹೋಗಲಿ. ನವೆಂಬರಿನಲ್ಲಿ ಇಟ್ಟದ್ದು ಮೇ ತಿಂಗಳಲ್ಲಿ ಕೈಗೆ ಬರುತ್ತದೆ. ಕೇಂದ್ರ ಸರ್ಕಾರವೂ 91, 182 ಮತ್ತು 364 ದಿನಗಳ ಖಜಾನೆ ಹುಂಡಿಗಳನ್ನು ಮಾರುತ್ತದೆ. ಇವಕ್ಕೆ ಬಡ್ಡಿ ಎಂದು ಬೇರೆ ಕೊಡುವುದಿಲ್ಲ. ನೂರು ರೂಪಾಯಿಯ ಹುಂಡಿಯನ್ನು ಉದಾಹರಣೆಗೆ 97 ರೂಪಾಯಿಗೆ ಕೊಂಡರೆ ಅವಧಿ ಮುಗಿದ ದಿನ ನೂರು ಬರುತ್ತದೆ. ಆ ಮೂರು ರೂಪಾಯಿಯೇ ಬಡ್ಡಿ.

ಎರಡನೆಯ ಗಂಟು ರೂ. 30,000, ಬರಗಾಲಕ್ಕೆ. ಇದನ್ನು ಹತ್ತು ಹತ್ತು ಸಾವಿರದ ಮೂರು ಭಾಗ ಮಾಡಿ ಅಂಚೆ ಕಚೇರಿಯ ಒಂದು, ಎರಡು, ಮೂರು ವರ್ಷದ ಠೇವಣಿಗಳಲ್ಲಿ ಇಡಿ. ಒಂದು ವರ್ಷದ್ದು ಬಂದಾಗ ಮಳೆ ಚೆನ್ನಾಗಿದ್ದರೆ ಅದನ್ನು ಮತ್ತೆ ಮೂರು ವರ್ಷಕ್ಕೆ ಹಾಕಿ. ಹೀಗೆ ಮಾಡಿದರೆ ಪ್ರತಿ ವರ್ಷವೂ ಒಂದು ಠೇವಣಿ ಕೈಗೆ ಬರುತ್ತಿರುತ್ತದೆ. ಎಲ್ಲ ಹೊಲವನ್ನೂ ಒಂದೇ ದಿನ ಬಿತ್ತದೆ ಹಂತಹಂತವಾಗಿ ಬಿತ್ತುವ ಜಾಣತನವೇ ಇದು. ಬಡ್ಡಿ ದರ ಏರಿದರೆ ಹೊಸ ದರ ಒಂದು ಭಾಗಕ್ಕಾದರೂ ಸಿಗುತ್ತದೆ, ಇಳಿದರೆ ಹಳೆಯ ದರ ಉಳಿದ ಭಾಗಕ್ಕೆ ಇರುತ್ತದೆ.

ಮೂರನೆಯ ಗಂಟು ರೂ. 30,000, ಮಗಳ ಓದಿಗೋ ಮನೆಯ ಶುಭಕಾರ್ಯಕ್ಕೋ. ಇದಕ್ಕೆ ಐದು ವರ್ಷದ ರಾಷ್ಟ್ರೀಯ ಉಳಿತಾಯ ಪತ್ರ ತಕ್ಕದ್ದು. 2023ರ ಏಪ್ರಿಲ್‌ನಲ್ಲಿ ಅದರ ಬಡ್ಡಿ ಶೇ. 7.7ಕ್ಕೆ ಏರಿತು. ಆ ದರದಲ್ಲಿ ರೂ. 30,000 ಐದು ವರ್ಷಕ್ಕೆ ಸುಮಾರು ರೂ. 43,470 ಆಗುತ್ತದೆ. ಈ ಪತ್ರವನ್ನು ನಡುವೆ ಮುರಿಯಲು ಸಾಮಾನ್ಯವಾಗಿ ಬರುವುದಿಲ್ಲ. ಆದರೆ ಬ್ಯಾಂಕಿನಲ್ಲಿ ಒತ್ತೆಯಿಟ್ಟು ಸಾಲ ಪಡೆಯಬಹುದು. ಕಿಸಾನ್ ವಿಕಾಸ ಪತ್ರವನ್ನು ಎರಡೂವರೆ ವರ್ಷದ ಮೇಲೆ ಮುರಿಯಬಹುದು.

ಮನೆಯಲ್ಲಿ 60 ವರ್ಷ ದಾಟಿದ ಹಿರಿಯರಿದ್ದು, ಜಮೀನು ಮಾರಿದ ಅಥವಾ ಪರಿಹಾರ ಬಂದ ಹಣವಿದ್ದರೆ ಹಿರಿಯ ನಾಗರಿಕರ ಉಳಿತಾಯ ಯೋಜನೆಯನ್ನು ನೋಡಿ. ಶೇ. 8.2ರ ದರದಲ್ಲಿ ರೂ. 1 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ ರೂ. 2,050 ಬರುತ್ತದೆ. ಔಷಧಿಗೆ ಮಗನ ಮುಂದೆ ಕೈಚಾಚುವುದು ತಪ್ಪುತ್ತದೆ.

ಈ ದರಗಳನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ. ನೀವು ಹೋಗುವ ದಿನದ ದರವನ್ನು ಅಂಚೆ ಕಚೇರಿಯಲ್ಲಿ ಕೇಳಿಯೇ ಹಣ ಕಟ್ಟಬೇಕು. ಉಳಿತಾಯ ಪತ್ರಕ್ಕೂ ಅವಧಿ ಠೇವಣಿಗೂ ಇಟ್ಟ ದಿನದ ದರ ಅವಧಿ ಮುಗಿಯುವವರೆಗೆ ಬದಲಾಗುವುದಿಲ್ಲ.

ಬಾಂಡಿನ ಬೆಲೆ ಏಕೆ ಏರಿಳಿಯುತ್ತದೆ?

ಸರ್ಕಾರದ ದೀರ್ಘಾವಧಿ ಬಾಂಡುಗಳನ್ನು ಮೊದಲು ಬ್ಯಾಂಕು, ವಿಮಾ ಕಂಪನಿಗಳಂಥ ದೊಡ್ಡವರೇ ಕೊಳ್ಳುತ್ತಿದ್ದರು. 2021ರ ನವೆಂಬರ್ 12ರಂದು ರಿಸರ್ವ್ ಬ್ಯಾಂಕ್ 'ರಿಟೇಲ್ ಡೈರೆಕ್ಟ್' ಎಂಬ ವ್ಯವಸ್ಥೆ ತೆರೆದ ಮೇಲೆ ಸಾಮಾನ್ಯರೂ ರೂ. 10,000ದಿಂದ ನೇರವಾಗಿ ಕೊಳ್ಳಬಹುದಾಗಿದೆ. ಖಾತೆ ತೆರೆಯಲು ಶುಲ್ಕವಿಲ್ಲ. ಉಳಿತಾಯ ಖಾತೆ, ಪ್ಯಾನ್ ಕಾರ್ಡು, ಮೊಬೈಲು, ಇ-ಮೇಲ್ ಬೇಕು. ಮನೆಯಲ್ಲಿ ಓದಿದ ಮಕ್ಕಳಿದ್ದರೆ ಅವರಿಂದ ಮಾಡಿಸಬಹುದು.

ಇಂಥ ಬಾಂಡನ್ನು ಅವಧಿಗೆ ಮುಂಚೆ ಮಾರಲೂಬಹುದು. ಆದರೆ ಆಗ ಕೊಟ್ಟ ಬೆಲೆಯೇ ಸಿಗಬೇಕೆಂದಿಲ್ಲ. ನೀವು ಹೊಲವನ್ನು ಎಕರೆಗೆ ವರ್ಷಕ್ಕೆ ಏಳು ಚೀಲದಂತೆ ಹತ್ತು ವರ್ಷಕ್ಕೆ ಗುತ್ತಿಗೆಗೆ ಬರೆದುಕೊಟ್ಟಿದ್ದೀರಿ. ಮರುವರ್ಷ ಊರಿನಲ್ಲಿ ದರ ಎಂಟು ಚೀಲವಾಯಿತು. ನಿಮ್ಮ ಗುತ್ತಿಗೆ ಪತ್ರವನ್ನು ಬೇರೊಬ್ಬರು ಕೊಳ್ಳಬೇಕಾದರೆ ಬೆಲೆ ಇಳಿಸಿ ಕೇಳುತ್ತಾರೆ. ದರ ಆರಕ್ಕೆ ಇಳಿದರೆ ಅದೇ ಪತ್ರಕ್ಕೆ ಹೆಚ್ಚು ಬೆಲೆ. ಹಾಗೆಯೇ ಶೇ. 7ರ ನೂರು ರೂಪಾಯಿಯ ಬಾಂಡಿಗೆ ಹತ್ತು ವರ್ಷ ಉಳಿದಿರುವಾಗ ಪೇಟೆಯ ದರ ಶೇ. 8 ಆದರೆ ಅದರ ಬೆಲೆ ಸುಮಾರು 93 ರೂಪಾಯಿಗೆ ಇಳಿಯುತ್ತದೆ. ದರ ಶೇ. 6 ಆದರೆ ಸುಮಾರು 107ಕ್ಕೆ ಏರುತ್ತದೆ. ಒಂದೇ ವರ್ಷ ಉಳಿದಿದ್ದರೆ ಈ ಏರಿಳಿತ ಒಂದು ರೂಪಾಯಿಯ ಆಸುಪಾಸು ಮಾತ್ರ. ಅವಧಿ ಉದ್ದವಾದಷ್ಟೂ ತೂಗಾಟ ಹೆಚ್ಚು. ಕೊನೆಯವರೆಗೆ ಇಟ್ಟುಕೊಳ್ಳುವವರಿಗೆ ಇದರ ಚಿಂತೆಯಿಲ್ಲ, ನೂರಕ್ಕೆ ನೂರು ಬರುತ್ತದೆ. ನಡುವೆ ಮಾರಬೇಕಾಗಬಹುದು ಎನ್ನುವವರು ಉದ್ದದ ಬಾಂಡಿಗೆ ಹೋಗಬಾರದು.

ದರ ಇಳಿದಾಗ ಸಾಲ ಪಡೆದವರೇ ಕೈಕೊಡುವುದೂ ಉಂಟು. ಗುಜರಾತಿನ ಸರ್ದಾರ್ ಸರೋವರ ನರ್ಮದಾ ನಿಗಮ 1993ರಲ್ಲಿ ರೂ. 3,600ಕ್ಕೆ ಒಂದರಂತೆ ಬಾಂಡು ಮಾರಿ, 20 ವರ್ಷದ ಮೇಲೆ ರೂ. 1,11,000 ಕೊಡುವುದಾಗಿ ಹೇಳಿತ್ತು. ಬಡ್ಡಿ ದರಗಳು ಇಳಿದ ಮೇಲೆ ಅದು ಭಾರವೆನಿಸಿ, 2008ರಲ್ಲಿ ಕಾಯಿದೆ ಮಾಡಿ, 2009ರ ಜನವರಿಯಲ್ಲಿ ರೂ. 50,000 ಕೊಟ್ಟು ಚುಕ್ತಾ ಮಾಡಿದರು. ಮಗಳ ಮದುವೆಗೆಂದು ಲಕ್ಷದ ಲೆಕ್ಕ ಹಾಕಿದ್ದವರ ಗತಿ ಏನಾಗಿರಬೇಡ! 'ಅವಧಿಗೆ ಮುಂಚೆ ಹಣ ಹಿಂತಿರುಗಿಸುವ ಹಕ್ಕು ಯಾರಿಗಿದೆ?' ಎಂಬ ಪ್ರಶ್ನೆಯನ್ನೂ ಕೇಳಬೇಕೆಂಬುದು ಇದರಿಂದ ತಿಳಿಯುತ್ತದೆ.

ಇದರಿಂದ ಶ್ರೀಮಂತರಾಗುತ್ತೇವೆಯೆ?

ಇಲ್ಲ. ಹೊಲಕ್ಕೆ ಬೆಲೆ ಏರಿದಂತೆ, ಚಿನ್ನಕ್ಕೆ ಏರಿದಂತೆ ಪತ್ರಕ್ಕೆ ಏರುವುದಿಲ್ಲವೆಂದು ಹಿರಿಯರು ಹೇಳಿದರೆ ಅದನ್ನು ಅಲ್ಲಗಳೆಯಲಾರೆ. ಪದಾರ್ಥಗಳ ಬೆಲೆ ವರ್ಷಕ್ಕೆ ಶೇ. 5 ಏರಿದರೆ ಶೇ. 7.5ರ ಬಡ್ಡಿಯಲ್ಲಿ ನಿಜವಾಗಿ ಉಳಿಯುವುದು ಎರಡೂವರೆ ಮಾತ್ರ. 72ನ್ನು ಬಡ್ಡಿ ದರದಿಂದ ಭಾಗಿಸಿದರೆ ಹಣ ಎಷ್ಟು ವರ್ಷಕ್ಕೆ ಎರಡರಷ್ಟಾಗುವುದೆಂದು ತಿಳಿಯುತ್ತದೆ. 1988ರಲ್ಲಿ ಕಿಸಾನ್ ವಿಕಾಸ ಪತ್ರ ಹೊರಟಾಗ ಐದೂವರೆ ವರ್ಷಕ್ಕೆ ಹಣ ಎರಡರಷ್ಟಾಗುತ್ತಿತ್ತು, ಶೇ. 7.5ರ ದರದಲ್ಲಿ 115 ತಿಂಗಳು ಬೇಕು. ಇದರ ಜೊತೆಗೆ, ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲದಿದ್ದರೂ ಬಡ್ಡಿ ಕೃಷಿ ಆದಾಯವಲ್ಲವೆಂಬುದನ್ನು ದೊಡ್ಡ ಮೊತ್ತ ಇಡುವವರು ನೆನಪಿಡಬೇಕು.

ಹಾಗಿದ್ದರೂ ನಾನು ಪತ್ರದ ಪರವಾಗಿಯೇ ವಾದಿಸುತ್ತೇನೆ. ಬರ ಬಿದ್ದ ವರ್ಷ ಹೊಲ ಮಾರಲು ಹೋದವನಿಗೆ ಅರ್ಧ ಬೆಲೆ. ಆ ವರ್ಷ ಊರಲ್ಲಿ ಎಲ್ಲರೂ ಮಾರುವವರೇ, ಕೊಳ್ಳುವವರಿಲ್ಲ. ಎತ್ತುಗಳಿಗೂ ಅದೇ ಗತಿ. ಒಡವೆ ಅಡವಿಟ್ಟರೆ ಬಡ್ಡಿ ನಾವೇ ಕಟ್ಟಬೇಕು. ಅವಧಿಗೆ ಬಂದ ಸರ್ಕಾರಿ ಪತ್ರಕ್ಕೆ ಮಾತ್ರ ಹರಪನಹಳ್ಳಿಯಲ್ಲಿ ಮಳೆಯಾಗಿದೆಯೋ ಇಲ್ಲವೋ ಎಂಬುದು ಗೊತ್ತಿಲ್ಲ. ಅದು ಬರೆದಷ್ಟು ಹಣವನ್ನು ಬರೆದ ದಿನ ಕೊಡುತ್ತದೆ. ಹತ್ತು ಸಾವಿರದ ಒಂದು ಪತ್ರ ಎತ್ತಿನ ಜೋಡಿಯನ್ನು ಸಂತೆಗೆ ಹೋಗದಂತೆ ತಡೆದರೆ ಅದರ ಬಡ್ಡಿಯನ್ನು ಶೇಕಡಾ ಲೆಕ್ಕದಲ್ಲಿ ಅಳೆಯಲಾಗದು.

ಕೊನೆಯದಾಗಿ ಎರಡು ಮಾತು. ಮೊದಲನೆಯದು ನಿಮಗೆ. ಯಾವ ಪತ್ರ ಕೊಂಡರೂ ನಾಮನಿರ್ದೇಶನದ ಕಲಂ ಖಾಲಿ ಬಿಡಬೇಡಿ. ಪತ್ರ ಎಲ್ಲಿದೆ, ಯಾವಾಗ ಬರುತ್ತದೆ ಎಂಬುದು ಮನೆಯ ಹೆಣ್ಣುಮಕ್ಕಳಿಗೂ ಗೊತ್ತಿರಲಿ. ಯಜಮಾನ ತೀರಿಕೊಂಡ ಮೇಲೆ ಬ್ಯಾಂಕಿನ ಬಾಗಿಲಿಗೆ ಅಲೆಯುವವರು ಅವರೇ.

ಎರಡನೆಯದು ನಮ್ಮಂಥ ನೌಕರರಿಗೆ. ಬೀಜದ ದರ, ಗೊಬ್ಬರದ ದರ ಬರೆದ ಫಲಕ ರೈತ ಸಂಪರ್ಕ ಕೇಂದ್ರದಲ್ಲಿರುತ್ತದೆ. ಅದರ ಪಕ್ಕದಲ್ಲಿ ಅಂಚೆ ಕಚೇರಿಯ ಬಡ್ಡಿ ದರದ ಫಲಕವೂ ಏಕಿರಬಾರದು? ಮೂರು ತಿಂಗಳಿಗೊಮ್ಮೆ ನಾಲ್ಕು ಅಂಕಿ ಬದಲಾಯಿಸುವ ಕೆಲಸ ಅಷ್ಟೆ. ಪಂಚಾಯಿತಿ, ಸಹಕಾರ ಸಂಘ, ವಾಚನಾಲಯಗಳಲ್ಲೂ ಇದಾಗಬೇಕು. ಸರಿಯಾದ ದರ ಕಣ್ಣಮುಂದೆ ಇದ್ದರೆ, ನೂರಕ್ಕೆ ಮೂರು ಕೊಡುತ್ತೇನೆಂದು ಬರುವವನ ಮಾತನ್ನು ತೂಗಿ ನೋಡಲು ರೈತನಿಗೆ ಕೈಯಲ್ಲೊಂದು ತಕ್ಕಡಿ ಸಿಕ್ಕಂತಾಗುತ್ತದೆ.